17ನ್ನು 8ರಿಂದ ಭಾಗಿಸಿದರೆ ನರಗುಂದ ಉಳಿಯುತ್ತದೆ

ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಎರಡು ಮಶೀನು, ಒಂದು ಪ್ರಿಂಟರು, ಸ್ಪೈರಲ್ ಬೈಂಡಿಂಗಿಗೆ ಒಂದು ಪಂಚು. ಮಳೆಗಾಲದಲ್ಲಿ ಹಾಳೆಗಳು ತಂಪು ಹಿಡಿದು ಒಳಗೇ ಸಿಕ್ಕಿಕೊಳ್ಳುತ್ತವೆ. ಧಾರವಾಡದ ಮಳೆ ಗೊತ್ತಲ್ವಾ, ಹಿಡಿದರೆ ಬಿಡೋದಿಲ್ಲ. ಸುತ್ತಮುತ್ತ ರೂಮು ಮಾಡಿಕೊಂಡಿರುವ ಹುಡುಗ ಹುಡುಗಿಯರೇ ನನ್ನ ಗಿರಾಕಿಗಳು. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಓದುವವರು. ಯೂನಿವರ್ಸಿಟಿಯವರು. ಲಾ ಓದುವವರು. ಕೃಷಿ ವಿಶ್ವವಿದ್ಯಾಲಯದಿಂದಲೂ ಕೆಲವರು ಬರುತ್ತಾರೆ. ಹೀಗಾಗಿ ಎಲ್ಲ ಸಬ್ಜೆಕ್ಟಿನ ನೋಟ್ಸೂ ನನ್ನ ಗಾಜಿನ ಮೇಲೆ ಒಮ್ಮೆ ಬೋರಲು ಮಲಗಿ ಎದ್ದು ಹೋಗಿರುತ್ತವೆ.

ಪ್ರತಿ ವರ್ಷ ಕಾಲೇಜು ಶುರುವಾಗಿ ಎರಡು ತಿಂಗಳಾಗುವಷ್ಟರಲ್ಲಿ ಒಂದು ಸೆಟ್ಟು ತಪ್ಪದೆ ಬರುತ್ತದೆ. ಆರು ಹಾಳೆ. ತಲೆಬರಹ ‘ರಾಜ್ಯಶಾಸ್ತ್ರಕ್ಕೂ ಇತರ ಸಮಾಜ ವಿಜ್ಞಾನಗಳಿಗೂ ಇರುವ ಸಂಬಂಧ’. ಬಿಎ ಶುರುವಿನ ಹತ್ತು ಮಾರ್ಕಿನ ಪ್ರಶ್ನೆ. ಯಾರೋ ಪುಣ್ಯಾತ್ಮರು ದುಂಡಗೆ ಬರೆದದ್ದು. ಕಾಪಿಯ ಕಾಪಿ, ಅದರದ್ದೊಂದು ಕಾಪಿ ಆಗಿ ಆಗಿ ಈಗ ಒತ್ತಕ್ಷರಗಳೆಲ್ಲ ಮಾಸಿ ಹೋಗಿವೆ. ‘ಶಾಸ್ತ್ರ’ ಹೋಗಿ ‘ಶಾಸ’ ಆಗಿದೆ. ಹುಡುಗರು ಪರೀಕ್ಷೆಯಲ್ಲೂ ಹಾಗೇ ಬರೆದು ಬರುತ್ತಾರೋ ಏನೋ.

ಆ ಉತ್ತರ ನನಗೂ ಬಾಯಿಪಾಠ. ನಾನು ರಾಜ್ಯಶಾಸ್ತ್ರದಲ್ಲಿ ಎಂಎ ಮಾಡಿದವನು. ಮೊದಲು ಇತಿಹಾಸ. ಆಮೇಲೆ ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಮನಃಶಾಸ್ತ್ರ, ಭೂಗೋಳ, ನೀತಿಶಾಸ್ತ್ರ, ಕಾನೂನು. ಕೊನೆಗೆ ಸಂಖ್ಯಾಶಾಸ್ತ್ರ. ಒಬ್ಬೊಬ್ಬರಿಗೆ ಒಂದೊಂದು ಪ್ಯಾರಾ. ಮದುವೆ ಕಾರ್ಡಿನಲ್ಲಿ ‘ತಮ್ಮ ಸುಖಾಗಮನ ಬಯಸುವವರು’ ಅಂತ ಕಾಕಾ, ಮಾಮಾ, ಅಳಿಯ, ಬೀಗರ ಹೆಸರು ಸಾಲಾಗಿ ಇರುತ್ತವಲ್ಲ, ಥೇಟ್ ಹಾಗೆ. ಯಾರ ಹೆಸರೂ ಬಿಟ್ಟುಹೋಗಬಾರದು, ಯಾರಿಗೂ ಸಿಟ್ಟು ಬರಬಾರದು. ಇತಿಹಾಸದ ಪ್ಯಾರಾದಲ್ಲಿ ಸೀಲಿ ಸಾಹೇಬರ ಮಾತು ಬಂದೇ ಬರಬೇಕು: ರಾಜ್ಯಶಾಸ್ತ್ರವಿಲ್ಲದ ಇತಿಹಾಸಕ್ಕೆ ಫಲವಿಲ್ಲ, ಇತಿಹಾಸವಿಲ್ಲದ ರಾಜ್ಯಶಾಸ್ತ್ರಕ್ಕೆ ಬೇರಿಲ್ಲ. ಜಾನ್ ಸೀಲಿ 19ನೇ ಶತಮಾನದಲ್ಲಿ ಕೇಂಬ್ರಿಜ್‌ನಲ್ಲಿ ಇತಿಹಾಸ ಕಲಿಸುತ್ತಿದ್ದ ಮಾಸ್ತರು. ತಮ್ಮ ಒಂದು ಸಾಲು ಧಾರವಾಡದ ರೂಮುಗಳಲ್ಲಿ ಬೆಳಗಿನ ನಾಲ್ಕಕ್ಕೆ ಎದ್ದು ಉರು ಹೊಡೆಯುವ ಮಾತಾಗುತ್ತದೆ ಅಂತ ಅವರಿಗೆ ಕನಸೂ ಬಿದ್ದಿರಲಿಕ್ಕಿಲ್ಲ.

ನಾನೂ ಉರು ಹೊಡೆದೆ, ಬರೆದೆ, ಮಾರ್ಕು ತಗೊಂಡೆ. ಈ ಸಂಬಂಧಿಕರು ಎಂಥವರು ಅಂತ ಗೊತ್ತಾದದ್ದು ಮಾತ್ರ ಆಮೇಲೆ, ಅವರ ಮನೆ ಬಾಗಿಲಿಗೆ ಹೋದಾಗ.

ನಮ್ಮೂರು ನರಗುಂದ ತಾಲೂಕಿನ ಒಂದು ಹಳ್ಳಿ. ಎಂಎ ಮುಗಿದ ಮೇಲೆ ನನಗೆ ಪಿಎಚ್‌ಡಿ ಹುಚ್ಚು ಹಿಡಿಯಿತು. ವಿಷಯ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ಮಲಪ್ರಭಾ ಅಚ್ಚುಕಟ್ಟಿನ ಬೆಟರ್‌ಮೆಂಟ್ ಲೆವಿ ಅನ್ನುವ ಕರ ಮತ್ತು 1980ರ ರೈತ ಬಂಡಾಯ. ನಾಲ್ಕು ಪುಟದ ಸಿನಾಪ್ಸಿಸ್ ಟೈಪ್ ಮಾಡಿಸಿ, ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಯಾವ ಊರು, ಯಾವ ವಿಶ್ವವಿದ್ಯಾಲಯ ಅಂತ ಕೇಳಬೇಡಿ. 20 ವರ್ಷದ ಮೇಲಿನ ಮಾತು, ಈಗ ಹೆಸರು ಹೇಳಿ ಏನಾಗಬೇಕಿದೆ.

ಮೊದಲು ನಮ್ಮದೇ ವಿಭಾಗ. ಅಲ್ಲಿನ ಹಿರಿಯರೊಬ್ಬರು ಎರಡನೇ ಪುಟಕ್ಕೇ ಕನ್ನಡಕ ತೆಗೆದರು. ‘ಲೆವಿ, ಹತ್ತಿ ರೇಟು, ಎಕರೆಕ್ಕ ಇಷ್ಟು ಅಂತ ಬರದೀಯಲ್ಲಪಾ. ಇದು ಎಕನಾಮಿಕ್ಸ್ ಆತು. ಆ ಕಡೆ ಕೇಳ.’ ಆ ಕಡೆ ಹೋದೆ. ಅವರು ಹಾಳೆ ತಿರುವಿ, ‘ಮೋರ್ಚಾ, ಗೋಲಿಬಾರ್, ಸಂಘಟನೆ. ಇದರಾಗ ಎಕನಾಮಿಕ್ಸ್ ಎಲ್ಲೈತಿ? ಇದು ನಿಮ್ಮ ಕಡೆದ್ದ ವಿಷಯ’ ಅಂದರು. ಮೂರನೆಯದು ಇತಿಹಾಸ. ಅಲ್ಲಿ ಕೂರಿಸಿ ಚಹಾ ಕೊಟ್ಟರು. ‘ನರಗುಂದ ಅಂದ್ರ 1858 ನೋಡು. ಬಾಬಾಸಾಹೇಬನ ಮ್ಯಾಲ ಮಾಡು, ಬೇಕಾದಷ್ಟು ಕಾಗದಪತ್ರ ಅದಾವ. 1980 ಇನ್ನಾ ಇತಿಹಾಸ ಆಗಿಲ್ಲ.’

ಚಹಾ ಕುಡಿದು ಬಂದೆ.

ಆ ಮೂರನೆಯವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೇಳಿದ ಕತೆಯೂ ಸಣ್ಣದಲ್ಲ. ನರಗುಂದದ ಅರಸ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ. ಅವನಿಗೆ ಮಗನಿರಲಿಲ್ಲ. ದತ್ತು ತಗೊಳ್ಳುತ್ತೇನೆ ಅಂದರೆ ಬ್ರಿಟಿಷರು ಒಪ್ಪಲಿಲ್ಲ. 1858ರಲ್ಲಿ ದಂಗೆ ಎದ್ದ. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಕೊಲೆಯಾಯಿತು. ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದರು. ಇತಿಹಾಸದವರಿಗೆ ಇದು ಬಂಡಾಯ. ಕಾನೂನಿನವರಿಗೆ ದತ್ತಕದ ಕೇಸು. ಸಮಾಜಶಾಸ್ತ್ರದವರಿಗೆ ಮನೆತನ, ವಂಶ, ವಾರಸುದಾರಿಕೆ. ಎಲ್ಲ ಸರಿ. ಆದರೆ ಒಂದು ಮನೆಯವರು ಯಾರನ್ನು ಮಗ ಅನ್ನಬೇಕು ಅಂತ ಹೇಳುವ ಅಧಿಕಾರ ದೂರದ ಸರ್ಕಾರದ ಕೈಗೆ ಹೇಗೆ ಬಂತು? ನನಗೆ ಕೇಳಬೇಕು ಅನ್ನಿಸುವುದು ಇಷ್ಟೇ. ಉಳಿದ ಮೂವರೂ ಅದರ ಸುತ್ತ ಓಡಾಡುತ್ತಾರೆ. ಮೈಮೇಲೆ ಹಾಕಿಕೊಳ್ಳುವುದಿಲ್ಲ.

ಸರಿ, ಪಿಎಚ್‌ಡಿ ಆಗಲಿಲ್ಲ. ಅಂಗಡಿ ಆಯಿತು. ಆ ಸಿನಾಪ್ಸಿಸ್ ಇನ್ನೂ ಇದೆ, ಗಲ್ಲಾದ ಕೆಳಗಿನ ಖಾನೆಯಲ್ಲಿ.

ಬೆಟರ್‌ಮೆಂಟ್ ಲೆವಿ ಅಂದರೆ ಏನು ಅಂತ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಸರ್ಕಾರ ಅಣೆಕಟ್ಟು ಕಟ್ಟಿತು, ಕಾಲುವೆ ತೋಡಿತು. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆ ನಿಂತಳು. ನೀರು ನವಲಗುಂದ, ನರಗುಂದದ ಎರಿ, ಅಂದರೆ ಕಪ್ಪು ಮಣ್ಣಿನ, ಹೊಲಗಳಿಗೆ ಬಂತು. ನೀರು ಬಂದ ಹೊಲದ ಬೆಲೆ ಏರುತ್ತದೆ. ಏರಿದ ಬೆಲೆಗೆ ರೈತ ಏನೂ ಮಾಡಿಲ್ಲ, ಮಾಡಿದ್ದು ಸರ್ಕಾರ. ಹಾಗಾಗಿ ಆ ಏರಿಕೆಯಲ್ಲಿ ಒಂದು ಪಾಲು ಸರ್ಕಾರಕ್ಕೆ ಕೊಡಬೇಕು. ಕಾಗದದ ಮೇಲೆ ನೋಡಿದರೆ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಎಕನಾಮಿಕ್ಸ್ ಪುಸ್ತಕದಲ್ಲಿ ಇದಕ್ಕೆ ಚಂದದ ಸಮರ್ಥನೆ ಇದೆ. ನನಗೂ ಅದು ಅರ್ಧ ಒಪ್ಪಿಗೆ.

ನಮ್ಮಪ್ಪನಿಗೆ ಪುಸ್ತಕ ಗೊತ್ತಿರಲಿಲ್ಲ. ಅವನು ಹೇಳುತ್ತಿದ್ದದ್ದು ಒಂದೇ: ‘ನೀರು ಬಂತು, ಖರೆ. ನೀರಿನ ಬೆನ್ನಿಗೆ ನೋಟಿಸೂ ಬಂತು. ನಾ ಏನ್ ಹೊಲಾ ಮಾರೀನೇನು?’ ಮಾರದ ಹೊಲದ ಬೆಲೆ ಏರಿದರೆ ಎಷ್ಟು, ಇಳಿದರೆ ಎಷ್ಟು? ಕೈಗೆ ದುಡ್ಡು ಬರುವುದು ಬೆಳೆಯಿಂದ. ಆಗಿನ ಬೆಳೆ ಅಂದರೆ ವರಲಕ್ಷ್ಮಿ ಹತ್ತಿ. 1972ರಲ್ಲಿ ಬಂದ ಹೈಬ್ರಿಡ್ ತಳಿ. ಬಂದದ್ದು ಬೇರೆಲ್ಲಿಂದಲೂ ಅಲ್ಲ, ನಮ್ಮ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದಲೇ. ಉದ್ದ ಎಳೆಯ ಹತ್ತಿ, ಮೊದಮೊದಲು ಒಳ್ಳೆ ರೇಟು. ಆ ರೇಟು ನೋಡಿ ಎಲ್ಲರೂ ಅದನ್ನೇ ಹಾಕಿದರು, ಸಾಲ ಮಾಡಿ ಗೊಬ್ಬರ ಹಾಕಿದರು, ಕ್ರಿಮಿನಾಶಕ ಎಣ್ಣೆ ಹೊಡೆದರು. ಆಮೇಲೆ ರೇಟು ಬಿತ್ತು. ಅದೇ ಹೊತ್ತಿಗೆ ನೋಟಿಸು.

ಇನ್ನೂ ಒಂದು ಇತ್ತು, ಅದನ್ನು ಯಾವ ಭಾಷಣದಲ್ಲೂ ಹೇಳುವುದಿಲ್ಲ. ಎರಿ ಮಣ್ಣು ನೀರು ಹಿಡಿದರೆ ಬೇಗ ಬಿಡುವುದಿಲ್ಲ. ಮಳೆ ನಂಬಿ ಕಡಲೆ, ಜೋಳ ಬೆಳೆಯುವಾಗ ಅದೇ ಗುಣ ವರ. ಹಿಂಗಾರಿಯಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ನೆಲದೊಳಗಿನ ಹಸಿಯಲ್ಲೇ ಬೆಳೆ ಬರುತ್ತದೆ. ಅದೇ ಮಣ್ಣಿಗೆ ಕಾಲುವೆ ನೀರು ಬಿಟ್ಟು, ಹೆಚ್ಚಾದ ನೀರು ಹರಿದು ಹೋಗಲು ಬಸಿಗಾಲುವೆ ಇಲ್ಲದಿದ್ದರೆ, ಕೆಳಗಿನ ಉಪ್ಪು ಮೇಲಕ್ಕೆ ಬರುತ್ತದೆ. ಹೊಲ ನೀರು ನಿಂತು ಜವಳಾಗುತ್ತದೆ, ಆಮೇಲೆ ಉಪ್ಪೇರಿ ಸವಳಾಗುತ್ತದೆ. ನಮ್ಮ ಹೊಲದ ಕೆಳಗಿನ ಮೂಲೆ ಹಾಗೇ ಆಯಿತು. ಬೆಳ್ಳಗೆ ಸುಣ್ಣ ಚೆಲ್ಲಿದ ಹಾಗೆ ಕಾಣುತ್ತಿತ್ತು. ಅಂದರೆ ಸರ್ಕಾರದ ಲೆಕ್ಕದಲ್ಲಿ ‘ಬೆಟರ್’ ಆದ ನೆಲ ಅಪ್ಪನ ಕಣ್ಣೆದುರಿಗೇ ಕೆಡುತ್ತಿತ್ತು. ಇದು ಮಣ್ಣಿನ ವಿಜ್ಞಾನ. ಬಿಎ ನೋಟ್ಸಿನ ಆರು ಹಾಳೆಯಲ್ಲಿ ಆ ಬೀಗರ ಹೆಸರೇ ಇಲ್ಲ.

1980ರ ಜುಲೈ 21. ನವಲಗುಂದದಲ್ಲಿ, ನರಗುಂದದಲ್ಲಿ ಮೋರ್ಚಾ. ಗೋಲಿಬಾರ್. ಜೀವಗಳು ಹೋದವು. ನನಗಾಗ ನಾಲ್ಕು ವರ್ಷ. ನೆನಪಿರುವುದು ಒಂದೇ: ಹಗಲು ಹೊತ್ತಲ್ಲಿ ಅವ್ವ ಬಾಗಿಲು ಹಾಕಿ ಅಗಳಿ ಜಡಿದದ್ದು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. 1983ರ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಮೊದಲ ಸಲ ಕಾಂಗ್ರೆಸ್ ಸೋತಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಎಲ್ಲವನ್ನೂ ನಮ್ಮ ಹೊಲದ ಮೂಲೆಗೆ ಕಟ್ಟುವುದು ಬೇಡ. ಈಗಲೂ ಪ್ರತಿ ಜುಲೈ 21ಕ್ಕೆ ಹುತಾತ್ಮರ ವೀರಗಲ್ಲಿಗೆ ಮಾಲೆ ಬೀಳುತ್ತದೆ. ಎಲ್ಲ ಪಕ್ಷದವರೂ ಬರುತ್ತಾರೆ.

ಮಣ್ಣು ಕೆಡುವುದು, ರೇಟು ಬೀಳುವುದು, ಕರ ಬೀಳುವುದು ಇವು ಮೂರೂ ಬೇರೆ ಬೇರೆ ಕಡೆಗಳಲ್ಲೂ ಆಗಿವೆ. ಎಲ್ಲ ಕಡೆ ಬಂಡಾಯ ಆಗಿಲ್ಲ. ಇಲ್ಲಿ ಯಾಕೆ ಆಯಿತು ಅಂತ ಕೇಳಿದರೆ, ತಹಸೀಲ್ದಾರ್ ಕಚೇರಿಯ ಮೆಟ್ಟಿಲ ಬಳಿ ಬರಬೇಕು. ಲೆವಿ ಎಷ್ಟು ಅಂತ ನಿಶ್ಚಯ ಮಾಡಿದವರು ಯಾರು? ಹೊಲ ಕೆಟ್ಟಿದೆ ಅಂತ ಯಾರಿಗೆ ಹೇಳಬೇಕಿತ್ತು? ಹೇಳಿದರೆ ಕೇಳುವ ಕಿವಿ ಎಲ್ಲಿತ್ತು? ಇದು ನನ್ನ ಸಬ್ಜೆಕ್ಟು. ಆ ಹಿರಿಯರಿಗೆ ಇಷ್ಟು ಹೇಳಲು ನನಗೆ ಅವತ್ತು ಬಾಯಿ ಬರಲಿಲ್ಲ. ಇಸ್ತ್ರಿ ಅಂಗಿ ಬೆವರಿನಿಂದ ಒದ್ದೆಯಾಗಿತ್ತು.

ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ಇಂಗ್ಲಿಷಿನ ಒಂದು ಸೆಟ್ಟು ತಂದ. ಎಲಿನಾರ್ ಆಸ್ಟ್ರಮ್ ಅನ್ನುವ ಅಮೆರಿಕದ ಹೆಣ್ಣುಮಗಳ ಮೇಲಿನ ನೋಟ್ಸು. ಕಾಪಿ ಬರುತ್ತಾ ಬರುತ್ತಾ ಓದಿದೆ, ಆಮೇಲೆ ಮಶೀನು ನಿಲ್ಲಿಸಿ ಓದಿದೆ. ಈಕೆ ಎಕನಾಮಿಕ್ಸ್‌ನಲ್ಲಿ ಪಿಎಚ್‌ಡಿಗೆ ಹೋದಾಗ ವಿಭಾಗದವರು ತಗೊಳ್ಳಲಿಲ್ಲವಂತೆ. ಗಣಿತ ಸಾಲದು, ಟ್ರಿಗೊನಾಮೆಟ್ರಿ ಓದಿಲ್ಲ ಅಂತ. ಹುಡುಗಿ ಅಂತ ಶಾಲೆಯಲ್ಲಿ ಆಕೆಗೆ ಅದನ್ನು ಓದಲು ಬಿಟ್ಟಿರಲಿಲ್ಲ! ಕೊನೆಗೆ ರಾಜ್ಯಶಾಸ್ತ್ರದಲ್ಲಿ ಮಾಡಿದಳು, 1965ರಲ್ಲಿ ಮುಗಿಸಿದಳು. ವಿಷಯ ಏನು ಗೊತ್ತಾ? ನೀರು. ಕ್ಯಾಲಿಫೋರ್ನಿಯಾದಲ್ಲಿ ಒಂದೇ ಅಂತರ್ಜಲದಿಂದ ಹತ್ತಾರು ಊರಿನವರು ನೀರೆತ್ತಿ, ಸಮುದ್ರದ ಉಪ್ಪುನೀರು ಒಳಗೆ ನುಗ್ಗತೊಡಗಿದಾಗ, ಅವರೆಲ್ಲ ಕೂತು ಹೇಗೆ ಒಪ್ಪಂದಕ್ಕೆ ಬಂದರು ಅನ್ನುವುದು. 2009ರಲ್ಲಿ ಆಕೆಗೆ ನೊಬೆಲ್ ಬಂತು. ರಾಜ್ಯಶಾಸ್ತ್ರಕ್ಕೆ ನೊಬೆಲ್ ಇಲ್ಲವಲ್ಲ. ಬಂದದ್ದು ಎಕನಾಮಿಕ್ಸ್‌ಗೆ. ಆ ಬಹುಮಾನ ಪಡೆದ ಮೊದಲ ಹೆಣ್ಣುಮಗಳು.

ಒಬ್ಬನೇ ಜೋರಾಗಿ ನಕ್ಕೆ. ಹುಡುಗ ಗಾಬರಿಯಾಗಿ, ‘ಅಣ್ಣಾರ, ಮಶೀನ್ ಕೆಟ್ಟೈತೇನ್ರಿ?’ ಅಂದ.

ಆಕೆ ಆಮೇಲೆ ನೇಪಾಳದ ಕಾಲುವೆಗಳನ್ನೂ ನೋಡಿದಳು. ರೈತರೇ ಕಟ್ಟಿ ರೈತರೇ ನಡೆಸುವ ಮಣ್ಣಿನ ಕಾಲುವೆಯಲ್ಲಿ, ಸರ್ಕಾರದ ಸಿಮೆಂಟು ಕಾಲುವೆಗಿಂತ ಚೆನ್ನಾಗಿ ನೀರು ಕೊನೆಯ ಹೊಲಕ್ಕೆ ಮುಟ್ಟುತ್ತಿತ್ತು. ಮೇಲಿನ ಹೊಲದವನಿಗೆ ಕಾಲುವೆ ರಿಪೇರಿಗೆ ಕೆಳಗಿನವನ ಕೈ ಬೇಕು. ಹಾಗಾಗಿ ಅವನಿಗೂ ನೀರು ಬಿಡುತ್ತಾನೆ. ರಿಪೇರಿಯೆಲ್ಲ ಸರ್ಕಾರದ್ದು ಅಂತಾದರೆ ಕೆಳಗಿನವನ ಹಂಗು ಯಾಕೆ? ನಮ್ಮ ಹೊಲ ಕಾಲುವೆಯ ಟೇಲ್ ಎಂಡ್. ಇದನ್ನು ಓದಿದಾಗ ಮೇಲಿನ ಊರಿನ ಒಂದಿಬ್ಬರ ಮುಖ ಕಣ್ಣ ಮುಂದೆ ಬಂದವು.

ಮನಃಶಾಸ್ತ್ರ, ನೀತಿಶಾಸ್ತ್ರದ ಪ್ಯಾರಾಗಳ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ. ಆ ಸೆಟ್ಟುಗಳಲ್ಲಿ ನನ್ನ ಟೋನರ್ ಖರ್ಚಾಗಿದ್ದೇ ಬಂತು. ಸಮಾಜಶಾಸ್ತ್ರದ್ದು ಒಂದು ಮಾತು. ಚುನಾವಣೆ ಬಂದರೆ ಟೀವಿಯವರು ನಿಮಿಷಕ್ಕೊಮ್ಮೆ ‘ವೋಟ್ ಬ್ಯಾಂಕ್’ ಅನ್ನುತ್ತಾರಲ್ಲ, ಆ ಪದ ಕೊಟ್ಟದ್ದು ರಾಜಕಾರಣಿಯೂ ಅಲ್ಲ, ರಾಜ್ಯಶಾಸ್ತ್ರದವರೂ ಅಲ್ಲ. ಮೈಸೂರಿನ ಎಂ.ಎನ್. ಶ್ರೀನಿವಾಸ್, ಸಮಾಜಶಾಸ್ತ್ರಜ್ಞರು. 1950ರ ದಶಕದಲ್ಲಿ, ಮೈಸೂರು ಕಡೆಯ ಒಂದು ಹಳ್ಳಿಯಲ್ಲಿ ಕೂತು ನೋಡಿ ಬರೆದದ್ದು. ನಮ್ಮವರು ಸಾಲ ತಂದು ಬಡ್ಡಿ ಸಮೇತ ಬಳಸಿದರು.

ಕಾನೂನಿನ ಸಂಬಂಧ ಮಾತ್ರ ನನಗೆ ಹಾಳೆಯ ಲೆಕ್ಕದಲ್ಲಿ ಗೊತ್ತು. ಎಸ್.ಆರ್. ಬೊಮ್ಮಾಯಿ ಕೇಸು. ಬೊಮ್ಮಾಯಿಯವರು ಶಿಗ್ಗಾವಿ ತಾಲೂಕಿನ ಕಾರಡಗಿಯವರು, ಹುಬ್ಬಳ್ಳಿಯಲ್ಲಿ ವಕೀಲಿ ಮಾಡಿದವರು. 1989ರ ಏಪ್ರಿಲ್ 21ರಂದು ಅವರ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ತಂದರು. ವಿಧಾನಸಭೆಯಲ್ಲಿ ಬಹುಮತ ತೋರಿಸುತ್ತೇನೆ ಅಂತ ಅವರು ಕೇಳಿದರೂ ರಾಜ್ಯಪಾಲರು ಬಿಡಲಿಲ್ಲ. 1994ರ ಮಾರ್ಚ್ 11ಕ್ಕೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲಿ ಗೊತ್ತಾಗಬೇಕು, ರಾಜಭವನದಲ್ಲಿ ಅಲ್ಲ. ಅಷ್ಟರಲ್ಲಿ ಬೊಮ್ಮಾಯಿಯವರ ಕುರ್ಚಿ ಹೋಗಿ ಐದು ವರ್ಷವಾಗುತ್ತ ಬಂದಿತ್ತು.

ಆ ತೀರ್ಪು ಭಾರಿ ದಪ್ಪ. ಪೂರ್ತಿ ಬೇಕು ಅಂದವರಿಗೆ ನಾನು ಮೊದಲೇ ರೊಕ್ಕ ಇಸಕೊಳ್ಳುತ್ತೇನೆ. ಲಾ ಹುಡುಗರೂ ಅದನ್ನೇ ಒಯ್ಯುತ್ತಾರೆ, ರಾಜ್ಯಶಾಸ್ತ್ರದವರೂ ಅದನ್ನೇ. ಮರುವರ್ಷ ಜೂನಿಯರ್‌ಗಳಿಗೆ ಕೊಡಲು ಅದೇ ಪ್ರತಿ ಮತ್ತೆ ಕಾಪಿಗೆ ಬರುತ್ತದೆ. ಆಗ ಅಂಡರ್‌ಲೈನ್ ನೋಡಬೇಕು. ಲಾ ಹುಡುಗರ ಗೆರೆ ರಾಷ್ಟ್ರಪತಿ ಆಳ್ವಿಕೆಯ 356ನೇ ವಿಧಿಯ ಕೆಳಗೆ, ‘ನ್ಯಾಯಾಲಯ ಪರಿಶೀಲಿಸಬಹುದೇ’ ಅನ್ನುವಲ್ಲಿ. ನಮ್ಮ ಹುಡುಗರ ಗೆರೆ ಎಷ್ಟು ಶಾಸಕರು ಪತ್ರ ಕೊಟ್ಟರು, ಯಾರು ಹಿಂದೆ ಸರಿದರು ಅನ್ನುವಲ್ಲಿ. ಒಂದೇ ಪುಟ, ಎರಡು ಬಣ್ಣದ ಪೆನ್ನು. ಕಾಪಿಯಲ್ಲಿ ಎರಡೂ ಕಪ್ಪೇ.

ಈಗ ಗಣಿತಕ್ಕೆ ಬರುತ್ತೇನೆ. ಸಂಖ್ಯಾಶಾಸ್ತ್ರಕ್ಕೆ ನೋಟ್ಸಿನಲ್ಲಿ ಕೊನೆಯ ಜಾಗ, ಮೂರು ಸಾಲು. ಮದುವೆ ಕಾರ್ಡಿನಲ್ಲಿ ‘ಹಾಗೂ ಬಂಧು ಬಳಗ’ ಇದ್ದ ಹಾಗೆ.

2009ರ ಲೋಕಸಭಾ ಚುನಾವಣೆ ಆಗಿ ಎಷ್ಟೋ ದಿನಕ್ಕೆ ಅವ್ವ ಫೋನಿನಲ್ಲಿ ಕೇಳಿದಳು. ‘ಅಲ್ಲೋ, ನಮ್ಮ ಡೀಸಿ ಸಾಹೇಬರು ಗದಗದಾಗ. ನಮ್ಮ ಎಂಪಿ ಬಾಗಲಕೋಟಿ ಕಡೆ. ಇದೆಂಥಾ ಲೆಕ್ಕ?’ ಲೆಕ್ಕವೇ ಅವ್ವ, ಅಂದೆ. ಆದರೆ ಬಿಡಿಸಿ ಹೇಳಲು ಆಗಲಿಲ್ಲ. ಆ ರಾತ್ರಿ ರದ್ದಿ ಹಾಳೆಯ ಹಿಂದೆ ಬರೆದು ನೋಡಿದೆ.

ಕರ್ನಾಟಕದಲ್ಲಿ ವಿಧಾನಸಭಾ ಕ್ಷೇತ್ರ 224. ಲೋಕಸಭಾ ಕ್ಷೇತ್ರ 28. ಭಾಗಿಸಿದರೆ ಸರಿಯಾಗಿ 8. ಪ್ರತಿ ಎಂಪಿಗೆ ಎಂಟು ಎಂಎಲ್‌ಎ ಕ್ಷೇತ್ರ. ಒಂದು ವಿಧಾನಸಭಾ ಕ್ಷೇತ್ರವನ್ನು ಎರಡು ತುಂಡು ಮಾಡಿ ಇಬ್ಬರು ಎಂಪಿಗಳಿಗೆ ಹಂಚುವ ಹಾಗಿಲ್ಲ. ಈಗ ನಮ್ಮ ಕಡೆ ನೋಡಿ. 1997ರವರೆಗೆ ಎಲ್ಲ ಒಂದೇ ಧಾರವಾಡ ಜಿಲ್ಲೆ. ಆ ವರ್ಷ ಗದಗ, ಹಾವೇರಿ ಬೇರೆಯಾದವು. 2008ರಲ್ಲಿ ಕ್ಷೇತ್ರಗಳನ್ನು ಹೊಸದಾಗಿ ವಿಂಗಡಿಸಿದ ಮೇಲೆ ಧಾರವಾಡ ಜಿಲ್ಲೆಯಲ್ಲಿ 7, ಹಾವೇರಿಯಲ್ಲಿ 6, ಗದಗದಲ್ಲಿ 4. ಕೂಡಿಸಿದರೆ 17. ಎಂಟೆರಡ್ಲೆ ಹದಿನಾರು. ಒಂದು ಉಳಿಯಿತು.

ಧಾರವಾಡದ 7ಕ್ಕೆ ಒಂದು ಕಡಿಮೆ. ಹಾವೇರಿ ಜಿಲ್ಲೆಯ ಶಿಗ್ಗಾವಿಯನ್ನು ತಂದು 8 ಮಾಡಿದರು. ಹಾವೇರಿಯಲ್ಲಿ 5 ಉಳಿದವು. ಗದಗ, ರೋಣ, ಶಿರಹಟ್ಟಿ ಸೇರಿಸಿ 8 ಮಾಡಿದರು. ಗದಗ ಜಿಲ್ಲೆಯ ನಾಲ್ಕನೆಯದು ನರಗುಂದ. ಅತ್ತ ಬಾಗಲಕೋಟೆ ಜಿಲ್ಲೆಯಲ್ಲಿ 7 ಇದ್ದವು, ಅಲ್ಲಿಯೂ ಒಂದು ಬೇಕಿತ್ತು. ನರಗುಂದ ಅಲ್ಲಿಗೆ. ಅವ್ವನ ಎಂಪಿ ಬಾಗಲಕೋಟೆಯವರು ಯಾಕೆ ಅಂದರೆ 17ನ್ನು 8ರಿಂದ ಭಾಗಿಸಿದಾಗ ಶೇಷ ಒಂದು.

ಪೆನ್ನು ಕೆಳಗಿಟ್ಟು ಎಷ್ಟು ಖುಷಿಯಾಯಿತು ಅಂದರೆ, ಪಿಎಚ್‌ಡಿ ಸಿಕ್ಕಿದ್ದರೂ ಅಷ್ಟು ಆಗುತ್ತಿರಲಿಲ್ಲ. ಹಾಸಿಗೆಗೆ ಹೋದ ಮೇಲೆ ಒಂದು ಅನುಮಾನ ಹುಟ್ಟಿತು. ಗಣಿತ ಹೇಳುವುದು ಒಂದು ಉಳಿಯುತ್ತದೆ ಅಂತ. ಅದು ನರಗುಂದವೇ ಆಗಬೇಕು ಅಂತ ಗಣಿತಕ್ಕೆ ಗೊತ್ತಿಲ್ಲ. ಎದ್ದು ನಕ್ಷೆ ನೋಡಿದೆ. ಬಾಗಲಕೋಟೆ ಜಿಲ್ಲೆಯ ಬಾದಾಮಿಗೆ ನರಗುಂದ ಹತ್ತಿಕೊಂಡಿದೆ, ನಿಜ. ರೋಣವೂ ಹತ್ತಿಕೊಂಡಿದೆ. ಶಿರಹಟ್ಟಿ ದಕ್ಷಿಣಕ್ಕೆ ಬಹಳ ದೂರ, ಅದು ಲೆಕ್ಕಕ್ಕಿಲ್ಲ. ಹಾಗಾದರೆ ಭೂಗೋಳ ಇಷ್ಟು ಹೇಳುತ್ತದೆ: ನರಗುಂದ ಅಥವಾ ರೋಣ. ಅದರ ಮುಂದೆ ಅದೂ ಬಾಯಿ ಮುಚ್ಚುತ್ತದೆ. ‘ಅಥವಾ’ ಅನ್ನುವುದನ್ನು ಅಳಿಸಲು ಒಂದು ಕೈ ಬೇಕು. ಆ ಕೈ ಯಾರದು, ಯಾವ ಕಾನೂನಿನಡಿ ಬಂತು, ಯಾರ ಆಕ್ಷೇಪಣೆ ಕೇಳಿತು, ಯಾರದ್ದು ಕೇಳಲಿಲ್ಲ?

ಅವತ್ತಿನಿಂದ ನನಗೆ ಆ ಆರು ಹಾಳೆಯ ಉತ್ತರದ ಮೇಲೆ ಇದ್ದ ಗೌರವ ಇನ್ನೂ ಕಡಿಮೆಯಾಯಿತು. ಅದರಲ್ಲಿ ಅರಿಸ್ಟಾಟಲ್ ಹೆಸರು ಹೇಳಿ ‘ರಾಜ್ಯಶಾಸ್ತ್ರ ಎಲ್ಲ ಶಾಸ್ತ್ರಗಳ ಒಡೆಯ’ ಅಂತ ಬರೆದಿರುತ್ತದೆ. ಅರಿಸ್ಟಾಟಲ್ ದೊಡ್ಡವನು. 158 ಊರುಗಳ ಆಡಳಿತದ ವಿವರ ಕೂಡಿಸಿದವನು, ಅತ್ತ ಮೀನು, ಜೇನ್ನೊಣಗಳ ಬಗ್ಗೆಯೂ ಬರೆದವನು. ಅವನಿಗೆ ಯಾರೂ ‘ಆ ಕಡೆ ಕೇಳ’ ಅನ್ನಲಿಲ್ಲ. ಆದರೂ ಒಡೆಯ ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ನಮ್ಮ ಸಬ್ಜೆಕ್ಟು ಊರ ತಲಾಟಿ, ಅಂದರೆ ಊರ ಲೆಕ್ಕಿಗ, ಇದ್ದ ಹಾಗೆ. ಎಲ್ಲರ ಹೊಲ ಅವನ ವಹಿಯಲ್ಲಿ ಇರುತ್ತದೆ, ಒಂದೂ ಅವನದಲ್ಲ. ಬದುವಿನ ಜಗಳ ಬಂದಾಗ ಮಾತ್ರ ಅವನ ನೆನಪು.

ಬದುವಿನ ಜಗಳ ಅಂದರೆ ಗೋವಾ ಜೊತೆಗಿನ ಮಹದಾಯಿ ನದಿಯ ಜಗಳ ಬರಲೇಬೇಕು. ಆ ನದಿಯ ನೀರನ್ನು ಮಲಪ್ರಭೆಗೆ ತಿರುಗಿಸಿ ಅಂತ 2015ರಲ್ಲಿ ನರಗುಂದದಲ್ಲಿ ಧರಣಿ ಕೂತರು, ವರ್ಷಗಟ್ಟಲೆ ಕೂತರು. ನಮ್ಮ ಕಾಕಾನೂ ಕೂತಿದ್ದ. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಂತ ಹೇಳಿತು. ಊರಲ್ಲಿ ಪಟಾಕಿ. ಕಾಕಾ ಫೋನ್ ಮಾಡಿ, ‘ಹದಿಮೂರು ಟಿಎಂಸಿ ಬಂತಲೇ’ ಅಂದ. ನನ್ನ ಕೈಯಲ್ಲಿ ಅಷ್ಟೊತ್ತಿಗೆ ಯಾರೋ ತಂದ ಸೆಟ್ಟಿತ್ತು. ಅದರಲ್ಲಿ 8.02 ಟಿಎಂಸಿ ವಿದ್ಯುತ್ತಿಗೆ. ಮಹದಾಯಿ ಕೊಳ್ಳದ ಒಳಗಿನ ಬಳಕೆಗೆ 1.5. ಮಲಪ್ರಭೆಗೆ ತಿರುಗಿಸಲು ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18. ಕೂಡಿಸಿದರೆ 3.9. ಅದೂ ಕುಡಿಯುವ ನೀರಿಗೆ. ಹೊಲಕ್ಕಲ್ಲ. ಇದನ್ನು ಕಾಕಾನಿಗೆ ಹೇಗೆ ಹೇಳಲಿ? ಎಂಜಿನಿಯರು ಅಳೆದದ್ದು ನೀರು. ಅಳೆದ ನೀರಿನಲ್ಲಿ ಯಾವುದಕ್ಕೆ ‘ಕುಡಿಯುವ’ ಅಂತ ಹೆಸರಿಡಬೇಕು, ಯಾವುದಕ್ಕೆ ‘ನೀರಾವರಿ’ ಅಂತ ಹೆಸರಿಡಬಾರದು ಅನ್ನುವುದು ಅಳತೆಪಟ್ಟಿಯಲ್ಲಿ ಇರುವುದಿಲ್ಲ. ‘ಬಂತು ಕಾಕಾ’ ಅಂದು ಫೋನ್ ಇಟ್ಟೆ.

ಕಳೆದ ತಿಂಗಳು ಕೃಷಿ ವಿಶ್ವವಿದ್ಯಾಲಯದ ಹುಡುಗಿಯೊಬ್ಬಳು ಬಂದಳು. ಮಣ್ಣು ವಿಜ್ಞಾನದವಳು. ಮಲಪ್ರಭಾ ಅಚ್ಚುಕಟ್ಟಿನ ಸವಳು ಭೂಮಿಯ ಮೇಲೆ ಅವಳ ಥೀಸಿಸ್ಸು. ಗೈಡ್‌ಗೆ ಒಂದು, ತನಗೆ ಒಂದು, ವಿಭಾಗಕ್ಕೆ ಎರಡು. ಕಲರ್ ನಕ್ಷೆ ಬಂದಾಗ ನಿಲ್ಲಿಸಿದೆ. ಕೆಂಪು ಚುಕ್ಕೆ ಬಿದ್ದ ಒಂದು ಕಡೆ ನಮ್ಮೂರ ಹೆಸರು.

‘ನಿನಗ ಅಡ್ಡಿ ಇಲ್ಲಂದ್ರ ನನಗೂ ಒಂದು ಕಾಪಿ ತಗೋಲೇನವಾ?’ ಅಂದೆ.

‘ನಿಮಗ್ಯಾಕ್ರಿ ಅಂಕಲ್? ನೀವು ಯಾವ ಸಬ್ಜೆಕ್ಟು?’

‘ಪೊಲಿಟಿಕಲ್ ಸೈನ್ಸ್.’

ಅವಳಿಗೆ ನಗು ಬಂತು, ತಡೆದುಕೊಂಡಳು. ‘ಇದರಾಗ ಬರೇ ಪಿಎಚ್ಚು, ಉಪ್ಪು, ಇಂಥಾವ ಅದಾವ್ರಿ’ ಅಂದಳು. ‘ಇರಲಿ ತಗೋರಿ.’

ಅವಳು ಹೋದ ಮೇಲೆ ಆ ಕಾಪಿಯ ರೊಕ್ಕ ನಾನೇ ಎಣಿಸಿ ಗಲ್ಲಾಕ್ಕೆ ಹಾಕಿದೆ. ಕೆಳಗಿನ ಖಾನೆ ತೆಗೆದೆ. ನಾಲ್ಕು ಪುಟದ ಸಿನಾಪ್ಸಿಸ್, ಆಸ್ಟ್ರಮ್ ನೋಟ್ಸು, ಮಹದಾಯಿ ಸೆಟ್ಟು, ರದ್ದಿ ಹಾಳೆಯ ಭಾಗಾಕಾರ, ಈಗ ಇದು. ಎಲ್ಲ ಒಟ್ಟಿಗೆ ಪಂಚ್ ಮಾಡಿ ಕಟ್ಟೋಣ ಅಂತ ನೋಡಿದರೆ ಅಂಗಡಿಯಲ್ಲಿರುವ ಯಾವ ಸ್ಪೈರಲ್ಲೂ ಸಾಲಲಿಲ್ಲ. ದೊಡ್ಡ ಸೈಜಿನದು ಹುಬ್ಬಳ್ಳಿಯಿಂದ ತರಬೇಕು.